ನಗು ಮಗೂ, ಹಾಜರಿ ಹಾಕ್ಬೇಕು

ಹಿಂದೆಲ್ಲ ಮೇಷ್ಟ್ರು ಹೆಸರು ಕರೆದರೆ ಮಕ್ಕಳು "ಯೆಸ್ ಸಾರ್" ಅನ್ನುತ್ತಿದ್ದರು. ಆ ಪದ್ಧತಿಯಲ್ಲಿ ದೊಡ್ಡ ಕೊರತೆ ಇತ್ತು. ಸರ್ವರ್ ಬೇಕಾಗುತ್ತಿರಲಿಲ್ಲ. ಅಂತೂ 2025ರಲ್ಲಿ ನಮ್ಮ ಶಿಕ್ಷಣ ಇಲಾಖೆ, ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ ತರುತ್ತೇವೆ ಎಂದಿತು. ಬಿಸಿಯೂಟದಂಥ ಯೋಜನೆಗಳಲ್ಲಿ ಸುಳ್ಳು ಲೆಕ್ಕ ತಪ್ಪಬೇಕಂತೆ. ಸುಳ್ಳು ಲೆಕ್ಕ ಬರೆಯುವವರು ದೊಡ್ಡವರು, ಮುಖ ತೋರಿಸಬೇಕಾದವರು ಮಕ್ಕಳು. ಸರಿಯಾಗೇ ಇದೆ ಬಿಡಿ.

ಅಷ್ಟಕ್ಕೂ ನಮ್ಮ ಶಾಲೆಗಳಿಗೆ ಫೋಟೋ ಹೊಸದಲ್ಲ. ಶೂ ಕೊಟ್ಟರೆ ಫೋಟೋ, ಸಸಿ ನೆಟ್ಟರೆ ಫೋಟೋ, ಮೊಟ್ಟೆ ಕೊಟ್ಟರೆ ಫೋಟೋ. "ಮಿಸ್, ತಿನ್ಲಾ?" ಅಂತ ಮಗು ಕೇಳಿದರೆ, "ತಡಿಯೋ, ಇನ್ನೂ ಜಿಪಿಎಸ್ ಬಂದಿಲ್ಲ." ಪಾಪ, ಮಿಸ್ ಏನು ಮಾಡ್ತಾರೆ? ಫೋಟೋ ವಾಟ್ಸಾಪ್ ಗ್ರೂಪಿಗೆ ಬೀಳದಿದ್ದರೆ ಮೇಲಿನಿಂದ ಫೋನ್ ಬರುತ್ತದೆ. ಆ ಮೊಬೈಲೂ ಅವರದ್ದೇ, ರೀಚಾರ್ಜೂ ಅವರದ್ದೇ.

ಆನ್‌ಲೈನ್ ಸುರಕ್ಷತೆಯ ಪಾಠವನ್ನಂತೂ ನೋಡಲೇಬೇಕು. "ಅಪರಿಚಿತರಿಗೆ ಫೋಟೋ ಕಳಿಸಬೇಡಿ" ಅನ್ನುವ ಚಾರ್ಟ್ ಹಿಡಿದು ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಕ್ಲಿಕ್. ಹೆಸರು, ತರಗತಿ, ಊರು ಸಮೇತ ಗ್ರೂಪಿಗೆ ಹೋಯಿತು. ಗ್ರೂಪಿನಲ್ಲಿರುವ ಅರ್ಧ ಜನರನ್ನು ಮಿಸ್ಸೇ ನೋಡಿಲ್ಲ. ಆದರೂ ಎಲ್ಲರೂ ಹೆಬ್ಬೆಟ್ಟು ಎತ್ತಿದರು.

ಕೋವಿಡ್ ಕಾಲದ ಕಲಿಕಾ ಆಪ್, ವೆಬ್‌ಸೈಟ್‌ಗಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ 2022ರಲ್ಲಿ ಒಂದು ವರದಿ ಕೊಟ್ಟಿತು. 49 ದೇಶಗಳ ಸರ್ಕಾರಗಳೇ ಒಪ್ಪಿ ಮಕ್ಕಳ ಕೈಗೆ ಕೊಟ್ಟಂಥವು ಅವು. ಅವುಗಳಲ್ಲಿ ಶೇ. 89ರಷ್ಟು, ಮಕ್ಕಳ ಮಾಹಿತಿಯನ್ನು ಅವರ ಹಕ್ಕಿಗೇ ಕುತ್ತು ತರುವಂತೆ ಬಳಸುತ್ತಿದ್ದವಂತೆ. ನಮ್ಮ ಕೇಂದ್ರ ಸರ್ಕಾರದ ದೀಕ್ಷಾ ಆಪ್‌ಗೆ ಮಗು ಎಲ್ಲಿದೆ ಅಂತ ಪತ್ತೆ ಹಚ್ಚಲು ಬರುತ್ತಿತ್ತು ಅಂತಲೂ ಅದರಲ್ಲಿತ್ತು. ಆಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಮಗುವಿಗೆ ಪಾಠ ಸಿಗದಿದ್ದರೇನು, ಆಪ್‌ಗೆ ಮಗು ಸಿಕ್ಕಿತಲ್ಲ!

ಕಾನೂನು ಇಲ್ವಾ ಅಂದರೆ, ಇದೆ. 18 ತುಂಬದವರ ಮಾಹಿತಿ ಬಳಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು ಅನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಶಾಲೆಗಳಿಗೆ ಒಂದಷ್ಟು ವಿನಾಯಿತಿಯೂ ಇದೆ, ಅದು ಬೇರೆ ಮಾತು. ಒಪ್ಪಿಗೆ ಪಡೆಯುವುದೇನು ಕಷ್ಟವಲ್ಲ. ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದು, ಕೊನೆಗೆ ಒಂದು ಬಟನ್ ಇಟ್ಟರಾಯಿತು. ಒತ್ತಿದರೆ ಹೋಂವರ್ಕ್ ಬರುತ್ತದೆ, ಒತ್ತದಿದ್ದರೆ ಬರುವುದಿಲ್ಲ. ಈ ಗುಟ್ಟು ಮಾತ್ರ ಮಕ್ಕಳಿಗೆ ಗೊತ್ತಾಗಬಾರದು. ಗೊತ್ತಾದರೆ ಬೆಳಗಾಗುವುದರೊಳಗೆ ರಾಜ್ಯದ ಮಕ್ಕಳೆಲ್ಲ ಖಾಸಗಿತನದ ಹೋರಾಟಕ್ಕೆ ಇಳಿದುಬಿಡುತ್ತಾರೆ.