ಹಲ್ಲು ನೋಯದಿದ್ದರೂ ಬಾಯಿ ತೋರಿಸಿ

ದಾವಣಗೆರೆಗೆ ಬಂದಾಗಲೆಲ್ಲ ಚುಚ್ಚುವ ಮಾತು ಒಂದೇ: "ಬರೀ ಅಡಿಕೆ ಕಣ್ರೀ, ತಂಬಾಕು ಮುಟ್ಟಲ್ಲ." ಹೀಗೆ ಹೇಳುವವರೇ ಮಂಡಕ್ಕಿ ಜೊತೆಗಿನ ಮಿರ್ಚಿಯನ್ನು ಬದಿಗೆ ಸರಿಸಿರುತ್ತಾರೆ, ಬಾಯಿ ಉರಿ ಅಂತ. ಆ ಉರಿ ಅಡಿಕೆಯಿಂದಲೇ ಇರಬಹುದು.

ನಾನಿರುವ ಇಂಗ್ಲೆಂಡಿನಲ್ಲಿ ಮಾಮೂಲಿ ತಪಾಸಣೆಗೆ ಹೋದರೂ ದಂತವೈದ್ಯರು ಕೆನ್ನೆಯ ಒಳಮೈ, ನಾಲಿಗೆಯ ಅಂಚು, ಅಡಿಭಾಗ ಎಲ್ಲ ನೋಡುತ್ತಾರೆ. ದೊಡ್ಡವರಿಗೆ ಮುಂದಿನ ತಪಾಸಣೆ 3ರಿಂದ 24 ತಿಂಗಳೊಳಗೆ, ಅವರವರ ಅಪಾಯ ನೋಡಿಕೊಂಡು. ನಮ್ಮಲ್ಲಿ ಹಲ್ಲು ನೋಯದೆ ಯಾರು ಆ ಕುರ್ಚಿ ಏರುತ್ತಾರೆ? ಅಷ್ಟರಲ್ಲಿ ಕೆನ್ನೆಯೊಳಗಿನ ಫೈಬ್ರೊಬ್ಲಾಸ್ಟ್ ಕೋಶಗಳು ವರ್ಷಗಟ್ಟಲೆ ಕೆಲಸ ಮಾಡಿರುತ್ತವೆ.

ಕೊಲಾಜನ್ ನಾರು ಹೆಣೆದು ಗಾಯ ಮಾಯಿಸುವುದು ಇವುಗಳ ಕೆಲಸ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಇವನ್ನು ಕೆರಳಿಸಿ ನಾರು ಹೆಚ್ಚಿಸುತ್ತದೆ. ಅಡಿಕೆಯಲ್ಲಿನ ತಾಮ್ರ ಲೈಸಿಲ್ ಆಕ್ಸಿಡೇಸ್ ಕಿಣ್ವವನ್ನು ಚುರುಕುಗೊಳಿಸುವುದರಿಂದ ನಾರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಗರಿನ ಟ್ಯಾನಿನ್ ಅವನ್ನು ಕರಗಗೊಡುವುದಿಲ್ಲ. ಕೆನ್ನೆ ಒಳಗೆ ಬಿಳಿಚುತ್ತದೆ, ಬೆರಳಾಡಿಸಿದರೆ ಹುರಿ ಸಿಗುತ್ತದೆ. ಬಾಯಿ 35 ಮಿ.ಮೀ. ಕೂಡ ತೆರೆಯದಾಗುತ್ತದೆ, ಅಂದರೆ ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಹಿಡಿಸುವುದಿಲ್ಲ. ಈ ರೋಗಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆ ಬಿಟ್ಟರೂ ಆದ ಬಿಗಿತ ಪೂರ್ತಿ ಹೋಗದು. ಆಪರೇಷನ್ ಮಾಡಿ ಹುರಿ ಕತ್ತರಿಸಿದ ಮೇಲೂ ಬಾಯಿ ಅಗಲಿಸುವ ವ್ಯಾಯಾಮ ತಪ್ಪಿಸಿದರೆ ಅದೇ ಕೋಶಗಳು ಮತ್ತೆ ಬಿಗಿಯುತ್ತವೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಚನ್ನಗಿರಿ ಕಡೆಯ ತೋಟದವರಿಗೆ ಈ ಮಾತು ಹಿಡಿಸದು, ಆದರೂ ಹೇಳಲೇಬೇಕು.

ಕ್ಯಾನ್ಸರ್ ಬಂದ ಮೇಲೆ ಗಡ್ಡೆಯ ಸುತ್ತಲಿನ ಫೈಬ್ರೊಬ್ಲಾಸ್ಟ್‌ಗಳು ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಸ್ರವಿಸಿ, ರೋಗ ತಡೆಯುವ ಟಿ-ಕೋಶಗಳನ್ನು ಒಳಗೆ ಬಿಡುವುದಿಲ್ಲ. ಹಾಗಾದರೆ ಅವನ್ನೇ ಕೊಂದರೆ? 2014ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಹಾಗೆ ಮಾಡಿ ನೋಡಿದಾಗ ರೋಗ ಇನ್ನೂ ಉಗ್ರವಾಯಿತು. ಕೆಲವು ಫೈಬ್ರೊಬ್ಲಾಸ್ಟ್‌ಗಳು ಗಡ್ಡೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಯಾವುದನ್ನು ಕೊಲ್ಲಬೇಕು, ಯಾವುದನ್ನು ಉಳಿಸಬೇಕು ಎಂಬುದೇ ಚಿಕಿತ್ಸೆಯ ತೊಡಕು. ಅದಕ್ಕೇ ಮೊದಲೇ ನೋಡಿಸಿಕೊಳ್ಳಿ ಎಂದು ಇಷ್ಟು ಒತ್ತಿ ಹೇಳುವುದು.

ಇಂಗ್ಲೆಂಡಿನಲ್ಲೂ ಈಗ ಸರ್ಕಾರಿ ವ್ಯವಸ್ಥೆಯ ದಂತವೈದ್ಯರು ಸಿಗುವುದು ಕಷ್ಟ, ಒಪ್ಪಬೇಕು. ಅಡಿಕೆಯ ಈ ಬಾಯಿ ಬಿಗಿತ ಕಂಡು ಪಳಗಿದ ಕಣ್ಣೂ ನಮ್ಮ ವೈದ್ಯರದೇ. ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ. ಚೀಟಿ ಮಾಡಿಸಿ, ಬಾಯಿಯ ರೋಗಗಳನ್ನು ನೋಡುವ ಓರಲ್ ಮೆಡಿಸಿನ್ ವಿಭಾಗ ಎಲ್ಲಿ ಎಂದು ಕೇಳಿ, ಬಾಯಿ ಎಷ್ಟು ಮಿ.ಮೀ. ತೆರೆಯುತ್ತದೆ ಎಂದು ಅಳೆಸಿ ಬರೆಸಿಕೊಳ್ಳಿ.