ಬೇಟೆಯ ಜಮೀನಿಗೆ ನುಗ್ಗಿದ ನಾಯಿ: ಕೋವಿ ಎತ್ತಬಹುದೇ?

ಬೇಟೆಗೆ ಕಾನೂನಿನ ಅನುಮತಿ ಇರುವ ದೇಶಗಳಲ್ಲಿ ಎಷ್ಟೋ ಖಾಸಗಿ ಕಾಡು, ಹುಲ್ಲುಗಾವಲುಗಳನ್ನು ಜಿಂಕೆ, ಕಾಡುಹಂದಿ, ಫೆಸೆಂಟ್ ಹಕ್ಕಿಗಳ ಬೇಟೆಗೆಂದೇ ಕಾಯ್ದುಕೊಂಡು ಬರುತ್ತಾರೆ. ಒಡೆಯರು ಯಾರೆಂದು ತಿಳಿಯದ ನಾಯಿಗಳು ಅಲ್ಲಿಗೆ ನುಗ್ಗಿ ಪ್ರಾಣಿಗಳನ್ನು ಅಟ್ಟಾಡಿಸುವುದು ಅಂಥ ಕಡೆಗಳಲ್ಲಿ ಹಳೆಯ ತಕರಾರು. ಈ ನಾಯಿಗಳನ್ನು ಕಂಡಲ್ಲಿ ಕೊಲ್ಲುವ ಅಧಿಕಾರ ಜಮೀನು ನೋಡಿಕೊಳ್ಳುವವರಿಗೆ ಇರಬೇಕೇ? ಎರಡೂ ವಾದಗಳನ್ನು ಅವುಗಳ ಪೂರ್ತಿ ಬಲದೊಂದಿಗೆ ಇಲ್ಲಿ ಇಡುತ್ತಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗಿದೆ. ಆದರೆ ಮೊದಲನೆಯದನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ.

ಪರ: ಕಾಡುಪ್ರಾಣಿಗೂ ಒಬ್ಬ ಕಾವಲುಗಾರ ಬೇಕು

1987ರಲ್ಲಿ ನ್ಯೂಜಿಲೆಂಡಿನ ವೈಟಾಂಗಿ ಕಾಡಿನಲ್ಲಿ ಕಿವಿ ಹಕ್ಕಿಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಅಧ್ಯಯನಕ್ಕಾಗಿ ಇರುವ ಜಾಗ ತಿಳಿಸುವ ರೇಡಿಯೊ ಸಾಧನ ಕಟ್ಟಿ ಬಿಟ್ಟಿದ್ದ 23 ಹಕ್ಕಿಗಳಲ್ಲಿ 13 ಕೆಲವೇ ವಾರಗಳಲ್ಲಿ ಸತ್ತವು. ಕೊಂದದ್ದು ನಾಯಿಗಳ ಹಿಂಡಲ್ಲ, ಒಂದೇ ಒಂದು ಜರ್ಮನ್ ಶೆಫರ್ಡ್. ಅದನ್ನು ಗುಂಡಿಕ್ಕಿ ಕೊಂದ ಮೇಲೆ ಸಾವು ನಿಂತಿತು. ಆ ಕಾಡಿನಲ್ಲಿದ್ದ ಸುಮಾರು 900 ಕಿವಿಗಳಲ್ಲಿ 500ರಷ್ಟನ್ನು ಆ ಒಂದು ನಾಯಿಯೇ ಕೊಂದಿರಬೇಕು ಎಂಬುದು ಸಂಶೋಧಕರ ಅಂದಾಜು. ಒಂದೆರಡು ನಾಯಿ ಓಡಾಡಿದರೆ ಏನು ಮಹಾ ನಷ್ಟ ಎಂದು ಕೇಳುವವರು ಈ ಘಟನೆಯನ್ನು ಒಮ್ಮೆ ಯೋಚಿಸಬೇಕು.

ತೋಳಗಳ ಸಂಖ್ಯೆಗೆ ಕಾಡೇ ಮಿತಿ ಹಾಕುತ್ತದೆ. ಜಿಂಕೆ ಕಡಿಮೆಯಾದರೆ ಮರಿಗಳು ಉಳಿಯುವುದಿಲ್ಲ, ಹಿಂಡು ಕರಗುತ್ತದೆ. ನಾಯಿಗೆ ಆ ಲೆಕ್ಕ ಅನ್ವಯಿಸದು. ಅದರ ಹೊಟ್ಟೆ ತುಂಬುವುದು ಊರಿನ ಕಸದ ರಾಶಿಯಲ್ಲಿ, ಮನೆಗಳ ಹಿತ್ತಲಿನಲ್ಲಿ. ಕಾಡಿಗೆ ಅದು ಬರುವುದು ಹಲವು ಸಲ ಅಟ್ಟುವ ಚಪಲಕ್ಕೆ. ಹಿಡಿದದ್ದನ್ನು ತಿನ್ನದೆ ಬಿಟ್ಟು ಮುಂದಿನದರ ಬೆನ್ನು ಹತ್ತುವುದೂ ಉಂಟು. ಜಿಂಕೆ ಮುಗಿದರೂ ನಾಯಿ ಮುಗಿಯುವುದಿಲ್ಲ. ಮನುಷ್ಯನ ಅನ್ನದ ಬಲದಿಂದ ಬೆಳೆದ ಈ ಕೊಲೆಗಾರನನ್ನು ನಿಸರ್ಗವೇ ನೋಡಿಕೊಳ್ಳುತ್ತದೆ ಎಂದು ಕೈಕಟ್ಟಿ ಕೂರುವುದು ಹೊಣೆಗೇಡಿತನ. ನಾಯಿಗಳಿಂದ ಕನಿಷ್ಠ 188 ಜೀವಿಪ್ರಭೇದಗಳಿಗೆ ಅಪಾಯವಿದೆ, 11 ಪ್ರಭೇದಗಳ ಅಳಿವಿನಲ್ಲಿ ನಾಯಿಗಳ ಪಾಲಿದೆ ಎಂದು 2017ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದು ಲೆಕ್ಕ ಹಾಕಿತ್ತು.

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ಕೊನೆಯ ವಾರಗಳು ಜಿಂಕೆಗಳ ಪಾಲಿಗೆ ಅತಿ ಕಠಿಣ. ಮೈಯ ಕೊಬ್ಬು ಕರಗಿರುತ್ತದೆ, ಹೆಣ್ಣುಗಳು ಗಬ್ಬವಾಗಿರುತ್ತವೆ. ಬಿಸಿಲಿಗೆ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಹಿಮದ ಪದರದ ಮೇಲೆ ನಾಯಿ ಸಲೀಸಾಗಿ ಓಡುತ್ತದೆ; ಜಿಂಕೆಯ ಚೂಪು ಗೊರಸು ಅದನ್ನು ಒಡೆದು ಒಳಗೆ ಹೂತುಹೋಗುತ್ತದೆ. ನಾಯಿಯ ಹಲ್ಲು ತಾಗದಿದ್ದರೂ ಆ ಓಟದ ದಣಿವೇ ಜಿಂಕೆಯನ್ನು ಕೊಲ್ಲಬಲ್ಲದು. ಬೇಟೆಗಾರನಿಗೆ ಋತುವಿದೆ, ಪರವಾನಗಿ ಇದೆ, ಎಷ್ಟು ಪ್ರಾಣಿ ಎಂಬ ಮಿತಿಯಿದೆ, ಮರಿ ಹಾಕುವ ಕಾಲದಲ್ಲಿ ಕೋವಿ ಕೆಳಗಿಡಬೇಕೆಂಬ ಕಟ್ಟಳೆಯಿದೆ. ನಾಯಿಗೆ ಇದಾವುದೂ ಇಲ್ಲ.

ರೋಗದ ಮಾತು ಇನ್ನೂ ಗಂಭೀರ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ, ನಾಯಿಗಳಲ್ಲಿ ಹೆಚ್ಚಾಗಿ ಕಾಣುವ ಡಿಸ್ಟೆಂಪರ್ ಎಂಬ ವೈರಸ್ ರೋಗ ಹರಡಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸತ್ತುಹೋಯಿತು. ಸುತ್ತಲಿನ ಹಳ್ಳಿಗಳ ನಾಯಿಗಳತ್ತ ಬೊಟ್ಟು ಮಾಡಲಾಯಿತು. ಇಥಿಯೋಪಿಯಾದ ತೋಳ ಇಂದು ಐನೂರಕ್ಕೂ ಕಡಿಮೆ ಉಳಿದಿದೆ. ದನಗಾಹಿಗಳ ನಾಯಿಗಳಿಂದ ಬಂದ ರೇಬೀಸ್ ಅದರ ಹಿಂಡುಗಳನ್ನು ಮತ್ತೆ ಮತ್ತೆ ಒರೆಸಿಹಾಕಿದೆ.

ಹಾಗಾದರೆ ಯಾರು ಏನು ಮಾಡಬೇಕು? ನಗರದಲ್ಲಿ ನಾಯಿ ಹಿಡಿಯುವ ವಾಹನ ಬರುತ್ತದೆ. ದೂರದ ಗುಡ್ಡಗಾಡಿನಲ್ಲಿ ಅಂಥ ಸಿಬ್ಬಂದಿ ಇರುವುದಿಲ್ಲ. ಇದ್ದರೂ ಬರುವಷ್ಟರಲ್ಲಿ ನಾಯಿಯ ಕೆಲಸ ಮುಗಿದಿರುತ್ತದೆ. ಮನುಷ್ಯರನ್ನು ಕಂಡರೆ ಓಡುವ, ಕಾಡಿನಲ್ಲೇ ಹುಟ್ಟಿ ಬೆಳೆದ ನಾಯಿಯನ್ನು ಹಿಡಿದರೂ ಯಾವ ಮನೆ ಸೇರಿಸಿಕೊಳ್ಳುತ್ತದೆ? ಜೀವನವಿಡೀ ಕಬ್ಬಿಣದ ಗೂಡಿನಲ್ಲಿ ನಡುಗುತ್ತಾ ಕಳೆಯುವುದು ಅದಕ್ಕೆ ದಯೆಯಲ್ಲ. ವಿಷ ಇಡಬಾರದು, ಏಕೆಂದರೆ ಅದು ಹದ್ದು, ನರಿಗಳನ್ನೂ ಸೇರಿಸಿ ಕೊಲ್ಲುತ್ತದೆ. ಕಾಲು ಕಚ್ಚಿ ಹಿಡಿಯುವ ಉರುಳು, ಕತ್ತರಿಬೋನುಗಳನ್ನೂ ಬಳಸಬಾರದು. ಪಳಗಿದ ಕೈಯ ಒಂದು ಗುಂಡು ಇವೆಲ್ಲಕ್ಕಿಂತ ಬೇಗ ಮುಗಿಸುತ್ತದೆ. ಆ ನೆಲವನ್ನು ವರ್ಷವಿಡೀ ಕಾಯುವವನಿಗೆ ಈ ಅಧಿಕಾರ ಕೊಡುವುದರಲ್ಲಿ ತಪ್ಪೇನಿಲ್ಲ.

ವಿರೋಧ: ಗುಂಡು ಹಾರಿದ ಮೇಲೆ ವಿಚಾರಣೆ ಇಲ್ಲ

ಮೊದಲ ಪ್ರಶ್ನೆಯನ್ನು ಮೇಲಿನ ವಾದ ಕೇಳಲೇ ಇಲ್ಲ: ಅದು ಯಾರ ನಾಯಿ?

ಬೇಟೆಯ ಕಾಡಿನಲ್ಲಿ ಒಂಟಿಯಾಗಿ ಕಾಣುವ ನಾಯಿ ಬಹಳ ಸಲ ಬೇಟೆನಾಯಿಯೇ ಆಗಿರುತ್ತದೆ. ವಾಸನೆ ಹಿಡಿದು ಹಂದಿಯನ್ನೋ ಜಿಂಕೆಯನ್ನೋ ಅಟ್ಟುವ ಜಾತಿಯ ನಾಯಿ ಒಮ್ಮೆ ಜಾಡು ಸಿಕ್ಕಿತೆಂದರೆ ಒಡೆಯನ ಕೂಗು ಕೇಳದಷ್ಟು ದೂರ ಓಡುತ್ತದೆ. ಅದಕ್ಕೆ ಬೇಲಿಯ ಗುರುತು, ಫಲಕದ ಅಕ್ಷರ ತಿಳಿಯದು. ಅದಕ್ಕಾಗಿಯೇ ಅನೇಕರು ಇಂದು ಜಿಪಿಎಸ್ ಕಾಲರ್ ಕಟ್ಟುತ್ತಾರೆ. ಇನ್ನು ಋತು ಮುಗಿದ ಮೇಲೆ ಕೆಲಸಕ್ಕೆ ಬಾರದ ನಾಯಿಯನ್ನು ಹೊಲದಂಚಿನಲ್ಲಿ ಬಿಟ್ಟುಹೋಗುವವರೂ ಇದ್ದಾರೆ. ಸ್ಪೇನಿನ ಗಾಲ್ಗೊ ಎಂಬ ತೆಳುಮೈಯ ಓಟದ ನಾಯಿಗಳ ಪಾಡು ಇದಕ್ಕೆ ಕುಖ್ಯಾತ ಉದಾಹರಣೆ. 2023ರಲ್ಲಿ ಆ ದೇಶ ಪ್ರಾಣಿಕಲ್ಯಾಣಕ್ಕೆಂದು ಹೊಸ ಕಾನೂನು ತಂದಾಗಲೂ ಬೇಟೆನಾಯಿಗಳನ್ನು ಅದರ ಹೊರಗಿಟ್ಟಿತು. ಬೇಟೆಗಾರರ ನಡುವೆಯೇ ಕೆಲವರು ಬೀದಿಪಾಲು ಮಾಡಿದ ಪ್ರಾಣಿಯನ್ನು ಬೇಟೆಯ ಹೆಸರಿನಲ್ಲೇ ಕೊಲ್ಲುವುದು ನನಗೆ ಅಸಹ್ಯವೆನಿಸುತ್ತದೆ.

ಕುರಿ ಕಾಯುವ ನಾಯಿಗಳನ್ನು ನೋಡಿ. ಪಿರೆನೀಸ್, ಮರೆಮ್ಮಾ ತಳಿಯ ದೊಡ್ಡ ಬಿಳಿಯ ಕಾವಲುನಾಯಿಗಳು ಹಗಲು ರಾತ್ರಿ ಮಂದೆಯೊಂದಿಗೇ ಇರುತ್ತವೆ, ಮನುಷ್ಯರು ಜೊತೆಗಿರಬೇಕೆಂದಿಲ್ಲ. ತೋಳದ ಸುಳಿವು ಸಿಕ್ಕರೆ ಅವು ಮಂದೆಯಿಂದ ಸಾಕಷ್ಟು ದೂರ ಬಂದು ಗಸ್ತು ತಿರುಗುತ್ತವೆ. ಮುಸ್ಸಂಜೆಯಲ್ಲಿ ಇನ್ನೂರು ಮೀಟರ್ ಆಚೆಯಿಂದ ದುರ್ಬೀನಿನಲ್ಲಿ ನೋಡುವವನಿಗೆ ಅದೊಂದು ಅಲೆಮಾರಿ ನಾಯಿ, ಅಷ್ಟೆ. ಆ ಗುಂಡಿಗೆ ನಾಯಿಯ ಜೊತೆಗೆ ಕುರಿಗಳ ರಕ್ಷಣೆಯೂ ಬಲಿಯಾಗುತ್ತದೆ. ತೋಳ ಕುರಿಗೆ ಕೈಹಾಕಿದಾಗ ಮುಂದಿನ ಗುಂಡು ತೋಳಕ್ಕೆ.

ಗುರುತು ತಪ್ಪುವುದು ಬರೀ ಊಹೆಯ ಭಯವಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಅಳಿವಿನಂಚಿನ ಕೆಂಪು ತೋಳಗಳನ್ನು ಮತ್ತೆ ಕಾಡಿಗೆ ಬಿಟ್ಟಿದ್ದಾರೆ. ಅಲ್ಲಿ ಬೇಟೆಗೆ ಅನುಮತಿಯಿರುವ, ತೋಳದಂತೆಯೇ ಕಾಣುವ ಕೊಯೋಟಿ ಎಂಬ ಪ್ರಾಣಿ ಎಂದುಕೊಂಡು ಆ ತೋಳಗಳಿಗೆ ಗುಂಡಿಕ್ಕಿದ ಪ್ರಕರಣಗಳು ಹೆಚ್ಚಿ, 2014ರಲ್ಲಿ ನ್ಯಾಯಾಲಯವೇ ಐದು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ಪ್ರದೇಶಗಳಲ್ಲಿ) ಕೊಯೋಟಿ ಬೇಟೆಗೆ ತಡೆ ಹಾಕಬೇಕಾಯಿತು. ಪರವಾನಗಿ ಪಡೆದ ಬೇಟೆಗಾರರ ಕಣ್ಣೇ ಹೀಗೆ ತಪ್ಪಿರುವಾಗ ಪಳಗಿದ ಕೈಯ ಭರವಸೆ ಎಷ್ಟರಮಟ್ಟಿನದು?

ಇಂಗ್ಲೆಂಡಿನ 1971ರ ಪ್ರಾಣಿ ಕಾಯ್ದೆ ಈ ಇಕ್ಕಟ್ಟನ್ನು ಬಿಡಿಸಿದ ಬಗೆ ನನಗೆ ಸರಿಯೆನಿಸುತ್ತದೆ. ಸಾಕುಪ್ರಾಣಿಗಳನ್ನು ಕಾಯಲು ನಾಯಿಯನ್ನು ಕೊಂದವನಿಗೆ ಅದು ರಕ್ಷಣೆ ಕೊಡುತ್ತದೆ, ಆದರೆ ಬಿಗಿಯಾದ ಷರತ್ತುಗಳ ಮೇಲೆ. ನಾಯಿ ಆಗಲೇ ದಾಳಿ ಮಾಡುತ್ತಿರಬೇಕು ಅಥವಾ ಇನ್ನೇನು ಮಾಡಲಿರಬೇಕು, ತಡೆಯಲು ಬೇರೆ ಸಮಂಜಸ ದಾರಿ ಇರಬಾರದು. ದಾಳಿ ಮುಗಿಸಿ ಅಲ್ಲೇ ಸುಳಿಯುತ್ತಿದ್ದರೆ, ಅದು ಯಾರ ಹಿಡಿತದಲ್ಲೂ ಇರಬಾರದು, ಒಡೆಯನನ್ನು ಪತ್ತೆ ಮಾಡುವ ದಾರಿಯೂ ಇರಬಾರದು. ಕೊಂದ 48 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸಬೇಕು. ಅದಕ್ಕಿಂತ ಮುಖ್ಯ, ಈ ಕಾಯ್ದೆ ಬಂಧನದಲ್ಲಿರುವ ಫೆಸೆಂಟ್ ಹಕ್ಕಿಯನ್ನು ರಕ್ಷಿಸಬೇಕಾದ ಸೊತ್ತು ಎಂದು ಒಪ್ಪುತ್ತದೆ. ಹೊರಗೆ ಸ್ವಚ್ಛಂದವಾಗಿ ತಿರುಗುವ ಜಿಂಕೆಯನ್ನು ಒಪ್ಪುವುದಿಲ್ಲ. ಕಾಡುಜಿಂಕೆ ಜಮೀನಿನವನ ಸೊತ್ತಲ್ಲ. ತಾನು ಹೊಡೆಯಬೇಕೆಂದಿದ್ದ ಜಿಂಕೆಯನ್ನು ನಾಯಿ ಓಡಿಸಿತು ಎಂಬ ಸಿಟ್ಟು ಇನ್ನೊಬ್ಬರ ನಾಯಿಯ ಜೀವಕ್ಕೆ ಬೆಲೆಯಾಗಲಾರದು.

ವೈಟಾಂಗಿಯ ನಾಯಿಯನ್ನು ಕೊಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ಅಲ್ಲಿ ಸತ್ತ ಹಕ್ಕಿಗಳ ಸಾಕ್ಷ್ಯವಿತ್ತು. ಕಂಡಲ್ಲಿ ಗುಂಡು ಎಂಬ ನಿಯಮಕ್ಕೆ ಸಾಕ್ಷ್ಯವೇ ಬೇಡ. ಅಮೆರಿಕದ ಹಳ್ಳಿಗಾಡಿನಲ್ಲಿ ಈ ಬಗ್ಗೆ ಒಂದು ಮಾತು ಚಾಲ್ತಿಯಲ್ಲಿದೆ: ಗುಂಡು ಹಾಕು, ಗುಂಡಿ ತೋಡು, ಬಾಯಿ ಮುಚ್ಚು. ಮಗುವಿನ ಹಾಗೆ ಸಾಕಿದ ನಾಯಿ ಬೇಲಿ ಹಾರಿ ಹೋಗಿ ಮರಳದಿದ್ದಾಗ ತಿಂಗಳುಗಟ್ಟಲೆ ಭಿತ್ತಿಪತ್ರ ಅಂಟಿಸುತ್ತಾ ತಿರುಗುವ ಮನೆಯವರಿಗೆ ಆ ಮೌನ ಕೊಡುವ ಹಿಂಸೆ ಎಂಥದ್ದು ಎಂದು ಆ ಮಾತನ್ನು ಆಡುವವರು ಯೋಚಿಸಿದ್ದಾರೆಯೇ?

ರೋಗದ ವಾದಕ್ಕೂ ಉತ್ತರ ಅದೇ ಉದಾಹರಣೆಯಲ್ಲಿದೆ. ಸೆರೆಂಗೆಟಿಯ ಸಿಂಹಗಳು ಸತ್ತ ಮೇಲೆ ಸುತ್ತಲಿನ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕುವ ಕೆಲಸ ನಡೆಯಿತು; ಇಥಿಯೋಪಿಯಾದಲ್ಲೂ ಅಷ್ಟೆ. ನಾಯಿಗಳನ್ನು ಕೊಲ್ಲುವುದರಿಂದ ರೇಬೀಸ್ ಹತೋಟಿಗೆ ಬರುವುದಿಲ್ಲ, ನೂರಕ್ಕೆ 70ರಷ್ಟು ನಾಯಿಗಳಿಗೆ ಲಸಿಕೆ ಬಿದ್ದರೆ ಅದರ ಸರಪಳಿ ಕಡಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ತಿನ್ನಲು ಸಿಗುವ ಕಡೆ ಒಂದು ನಾಯಿ ಸತ್ತರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಅದಕ್ಕೆ ಲಸಿಕೆ ಆಗಿರುವುದಿಲ್ಲ.

ಆ ತಿನಿಸನ್ನು ಒದಗಿಸುವವರು ಯಾರು? ಹೊಡೆದ ಪ್ರಾಣಿಯನ್ನು ಅಲ್ಲೇ ಸೀಳಿ ಕರುಳು, ಹೊಟ್ಟೆಯ ಭಾಗಗಳನ್ನು ಬಯಲಿನಲ್ಲಿ ಬಿಟ್ಟುಬರುವವರೂ ಬೇಟೆಗಾರರೇ. ನಾಯಿಗಳಿಗೆ ಆ ಜಾಗದ ರುಚಿ ಹತ್ತಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಹಸಿ ಕರುಳು ತಿಂದ ನಾಯಿಗೆ ಲಾಡಿಹುಳು ಸೇರುವುದು ಬೇರೆ. ಮೊದಲ ಕೆಲಸ ಇದನ್ನು ಹೂಳುವುದು ಅಥವಾ ಹೊತ್ತೊಯ್ಯುವುದು.

ಆಮೇಲಿನದು ತಾಳ್ಮೆಯ ಕೆಲಸ. ಜಿಂಕೆಯ ಓಡಾಟ ತಿಳಿಯಲು ಮರಕ್ಕೆ ಕಟ್ಟಿದ ಕ್ಯಾಮೆರಾಗಳೇ ನಾಯಿ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ ಬರುತ್ತದೆ, ಕೊರಳಪಟ್ಟಿ ಇದೆಯೇ ಎಂದು ತೋರಿಸುತ್ತವೆ. ಆ ಚಿತ್ರ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೋದರೆ ಹಲವು ಸಲ ಒಡೆಯ ಸಿಗುತ್ತಾನೆ. ಸಿಗದಿದ್ದರೆ ಆಹಾರವಿಟ್ಟ ಬೋನು ಇಟ್ಟು, ದಿನಕ್ಕೆ ಎರಡು ಬಾರಿಯಾದರೂ ಹೋಗಿ ನೋಡಬೇಕು. ಸಿಕ್ಕ ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಇದೆಯೇ ಎಂದು ಪಶುವೈದ್ಯರ ಬಳಿ ಓದಿಸಬೇಕು. ಇಂಗ್ಲೆಂಡಿನಲ್ಲಿ 2016ರಿಂದ ಅದು ಎಲ್ಲ ನಾಯಿಗಳಿಗೂ ಕಡ್ಡಾಯ. ಆಮೇಲೆ ದಂಡ, ಸಾಕಿದ ಜಿಂಕೆ ಅಥವಾ ಕುರಿಯ ನಷ್ಟ, ಬೋನಿನ ಖರ್ಚು ಎಲ್ಲವನ್ನೂ ಒಡೆಯನಿಂದ ವಸೂಲು ಮಾಡಲಿ. ನಾಯಿಯನ್ನು ಬಿಚ್ಚಿಬಿಟ್ಟವನ ಕಿಸೆಗೆ ಕತ್ತರಿ ಬಿದ್ದರೆ ಮುಂದಿನ ರಾತ್ರಿ ಅದು ಕಟ್ಟಿನಲ್ಲಿರುತ್ತದೆ.

ಇಷ್ಟಾದ ಮೇಲೂ ಬೋನಿಗೆ ಬೀಳದ, ಹಿಂಡುಗಟ್ಟಿ ಕೊಲ್ಲುವ ನಾಯಿಗಳು ಉಳಿಯಬಹುದು ಎಂಬುದನ್ನು ಒಪ್ಪುತ್ತೇನೆ. ಆಗ ತೀರ್ಮಾನ ಜಮೀನಿನವನದಾಗಬಾರದು. ಸ್ಥಳೀಯ ಆಡಳಿತ ಕ್ಯಾಮೆರಾದ ಚಿತ್ರ, ಸತ್ತ ಪ್ರಾಣಿಗಳ ವಿವರ ನೋಡಿ ಇಂತಿಷ್ಟು ದಿನಕ್ಕೆ, ಇಂಥ ನಾಯಿಗಳಿಗೆ ಮಾತ್ರ ಎಂದು ಬರಹದಲ್ಲಿ ಅನುಮತಿ ಕೊಡಬೇಕು. ಕೊಂದ ನಾಯಿಯನ್ನು ಹೂಳುವ ಮೊದಲು ಅದರ ಚಿತ್ರ, ಮೈಕ್ರೋಚಿಪ್‌ನ ಸಂಖ್ಯೆ ಮತ್ತು ಕೊಂದವನ ಹೆಸರು ದಾಖಲೆಗೆ ಸೇರಬೇಕು.