ಹಕ್ಕಿ ಮೈಮೇಲಿನ ಗಂಟಿಗೆ ಕೈ ಹಾಕಬೇಡಿ ಮಾರಾಯ್ರೇ

ಈಗಷ್ಟೇ ಒಂದು ವಿಡಿಯೋ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಪುಣ್ಯಾತ್ಮನೊಬ್ಬ ಪುಟ್ಟ ಬಡ್ಜಿ ಗಿಳಿಯನ್ನು ಅಂಗಾತ ಹಿಡಿದು, ಎದೆ ಮೇಲಿನ ಗಂಟನ್ನು ಮೊಡವೆ ಹಿಂಡಿದ ಹಾಗೆ ಹಿಂಡುತ್ತಿದ್ದಾನೆ. ಅದು ಕೊಕ್ಕು ತೆರೆದು ಏದುಸಿರು ಬಿಡುತ್ತಿದೆ. ಕೆಳಗೆ ಲೈಕುಗಳ ಸುರಿಮಳೆ. "ದಾರ ಬಿಗಿಯಾಗಿ ಕಟ್ಟಿ ಬ್ರೋ, ತಾನೇ ಉದುರುತ್ತೆ" ಅಂತ ಇನ್ನೊಬ್ಬ ಮಹಾಶಯನ ಸಲಹೆ ಬೇರೆ.

ಹಕ್ಕಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆ ನಡುವೆ ಉಸಿರಾಟ ನಡೆಸುವ ಸ್ನಾಯುವಿನ ಪರದೆ, ಇರುವುದಿಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರಷ್ಟೇ ಉಸಿರು. ಎದೆ ಅದುಮಿದರೆ ಗಂಟಿಗಿಂತ ಮೊದಲು ಹಕ್ಕಿಯೇ ಹೋಗುತ್ತದೆ.

ಬಡ್ಜಿಯ ಎದೆಯ ಮೇಲೆ ಏಳುವ ಮೆತ್ತನೆ ಗಂಟು ಹೆಚ್ಚಿನ ಸಲ ಲಿಪೋಮಾ. ಕ್ಯಾನ್ಸರ್ ಅಲ್ಲ, ಚರ್ಮದಡಿಯ ಕೊಬ್ಬಿನ ಗಡ್ಡೆ. ಗರಿ ಸರಿಸಿ ನೋಡಿದರೆ ಹಳದಿಯಾಗಿ ಕಾಣುತ್ತದೆ. ಅದರಲ್ಲಿ ಹಿಂಡಿ ತೆಗೆಯೋಕೆ ಏನಿದೆ? ಕೀವು ತುಂಬಿದೆ ಅಂದುಕೊಂಡಿದ್ದರೂ ಹಿಂಡಿ ಪ್ರಯೋಜನವಿಲ್ಲ. ಹಕ್ಕಿಗಳ ಕೀವು ಹರಿಯುವುದಿಲ್ಲ, ಗಟ್ಟಿಯಾಗಿಯೇ ಕೂತಿರುತ್ತದೆ. ಕೆನರಿ ಹಕ್ಕಿಗಳಲ್ಲಿ ಬರುವ ಗಂಟು ಬಹಳ ಸಲ ಗಡ್ಡೆಯೇ ಅಲ್ಲ, ಹೊರಗೆ ಬರಲಾಗದೆ ಚರ್ಮದೊಳಗೇ ಸುತ್ತಿಕೊಂಡ ಗರಿ. ಹಿಂಡಿದರೆ ಮತ್ತೆ ತುಂಬಿಕೊಳ್ಳುತ್ತದೆ. ರೆಕ್ಕೆ ತುದಿಯಲ್ಲಿ ಚರ್ಮ ಹಳದಿಯಾಗಿ ದಪ್ಪಗಾಗುವ ಕ್ಸಾಂಥೋಮಾ ಇನ್ನೂ ಕಷ್ಟ. ಸ್ವಲ್ಪ ತಾಗಿದರೂ ರಕ್ತ, ಸಾಲದ್ದಕ್ಕೆ ಹಕ್ಕಿಯೇ ಅದನ್ನು ಕುಕ್ಕಿಕೊಳ್ಳುತ್ತದೆ.

ರಕ್ತದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಬ್ಲೇಡ್ ಹಿಡಿದು ಕೂತವರು ಕೇಳಿಸಿಕೊಳ್ಳಲಿ. ಬಡ್ಜಿ ತೂಗುವುದು 30–40 ಗ್ರಾಂ. ಅದರಲ್ಲಿ ರಕ್ತ ಸುಮಾರು ಹತ್ತನೇ ಒಂದು ಪಾಲು. ಇಡೀ ಮೈಯಲ್ಲಿ 3–4 ಎಂಎಲ್! ಒಂದು ಟೀ ಚಮಚವೂ ತುಂಬಲ್ಲ.

"ಹಕ್ಕಿ ನೋಡುವ ಡಾಕ್ಟರ್ ಎಲ್ಲಿ ಸಿಗ್ತಾರೆ? ಸಿಕ್ಕರೂ ಫೀಸು ಹಕ್ಕಿಗಿಂತ ಜಾಸ್ತಿ" ಅಂತೀರಿ. ಅಂಥವರು ಸಿಗೋದು ಕಷ್ಟ, ಒಪ್ಪಿದೆ. ಆದರೆ ಡಾಕ್ಟರ್ ಸಿಗದಿದ್ದರೆ ನೀವೇ ಸರ್ಜನ್ ಆಗಬೇಕು ಅಂತ ಯಾವ ಕಾನೂನು ಇದೆ? ಗಂಟಿಗೆ ಕೈ ಹಚ್ಚದೆ ಸುಮ್ನೆ ಇರೋದಕ್ಕೆ ಫೀಸೇ ಇಲ್ಲ, ಅಲ್ವಾ? ಹಾಗಂತ ಎಲ್ಲ ಗಂಟೂ ಸಾಧು ಅಲ್ಲ. ಸೂಜಿಯಲ್ಲಿ ಸ್ವಲ್ಪ ತೆಗೆದು ಮೈಕ್ರೋಸ್ಕೋಪ್‌ನಲ್ಲಿ ನೋಡದೆ ಡಾಕ್ಟರೂ ಖಚಿತವಾಗಿ ಹೇಳಲಾರರು. ಇನ್ನು ಫೋಟೋ ನೋಡಿ ತೀರ್ಪು ಕೊಡುವ ನೀವು ಯಾವ ಲೆಕ್ಕ? ಬೇಗ ಬೆಳೆದರೆ, ಹುಣ್ಣಾದರೆ, ಹಕ್ಕಿಗೆ ಹಾರಲು ಕೂರಲು ಅಡ್ಡ ಬಂದರೆ ಎಷ್ಟೇ ದೂರವಾದರೂ ತೋರಿಸಲೇಬೇಕು.

  

ಕೈ ಕಡಿಯುತ್ತಲೇ ಇದ್ದರೆ ಕಾಳಿನ ಬಟ್ಟಲಿಗೆ ಹಾಕಿ. "ಅದಕ್ಕೆ ಸೂರ್ಯಕಾಂತಿ ಬೀಜವೇ ಇಷ್ಟ" ಅಂತೀರಲ್ಲ, ಇಷ್ಟ ಇರದೇ ಏನು, ಅದರಲ್ಲಿ ಅರ್ಧಕ್ಕರ್ಧ ಕೊಬ್ಬೇ! ಚಿಕ್ಕ ಪಂಜರದಲ್ಲಿ ಕೂತಲ್ಲೇ ಕೂತು ಅದನ್ನೇ ತಿಂದ ಹಕ್ಕಿಗೆ ಲಿಪೋಮಾ ಬರುವ ಸಾಧ್ಯತೆ ಹೆಚ್ಚು. ಬೀಜ ಕಡಿಮೆ ಮಾಡಿ, ಪೆಲೆಟ್ (ಹಕ್ಕಿಗೆಂದೇ ಮಾಡಿದ ಆಹಾರದ ಗುಳಿಗೆ), ಸೊಪ್ಪು ಕೊಡಿ, ಹಾರಲು ಜಾಗ ಬಿಡಿ. ಆದರೆ ಒಂದೇ ದಿನಕ್ಕೆ ಬದಲಿಸಬೇಡಿ. ಹೊಸದನ್ನು ತಿನ್ನದೆ ಉಪವಾಸ ಬಿದ್ದು ಸಾಯುವ ಹಕ್ಕಿಗಳಿವೆ. ಗ್ರಾಂ ತೋರಿಸುವ ತಕ್ಕಡಿ ಇಟ್ಟುಕೊಂಡು ದಿನಾ ಬೆಳಿಗ್ಗೆ ಹಕ್ಕಿಯನ್ನು ತೂಗಿ.